ರಾಗಿ ಚೀಲಕ್ಕೆ ಲಾಳಿಕೆಯಾದ ಕೋನು

ಒಬ್ಬರೇ ಇದ್ದಾಗ ರಾಗಿ ಚೀಲ ತುಂಬಿಸಿ ನೋಡಿದ್ದೀರಾ? ಒಂದು ಕೈಯಲ್ಲಿ ಚೀಲದ ಬಾಯಿ ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಮೊರ ಎತ್ತಬೇಕು. ಮೊರ ಎತ್ತಿದರೆ ಚೀಲದ ಬಾಯಿ ಮುಚ್ಚಿಕೊಳ್ಳುತ್ತದೆ. ಬಾಯಿ ಬಿಡಿಸಿದರೆ ಮೊರ ವಾಲುತ್ತದೆ. ಅರ್ಧ ಚೀಲಕ್ಕೆ, ಅರ್ಧ ನೆಲಕ್ಕೆ. ನೆಲಕ್ಕೆ ಬಿದ್ದದ್ದನ್ನು ಮಣ್ಣಿನಿಂದ ಬೇರೆ ಮಾಡುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ.

ದುದ್ದದ ಹತ್ತಿರ ತೆಂಕಲಕೊಪ್ಪಲು ಅಂತ ಒಂದು ಊರು. ಅಲ್ಲಿನ ಆಶಾರಾಣಿಗೂ ಇದೇ ಕಷ್ಟ. ಗಂಡ ಕಾಂತರಾಜುಗೆ ಬೆನ್ನು ನೋವು, ಬಗ್ಗಿದರೆ ಏಳಲು ಇನ್ನೊಬ್ಬರು ಬೇಕು. ಹಾಗಾಗಿ ಸುಗ್ಗಿ ಬಂತೆಂದರೆ ಚೀಲ ಹಿಡಿಯುವವಳೂ ಅವಳೇ, ಸುರಿಯುವವಳೂ ಅವಳೇ.

ಆಶಾರಾಣಿ ಊರಿನ ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ. ಹಿಂದೆಲ್ಲ ಕೊಪ್ಪಲಿನವರು ಹುರುಳಿಯನ್ನು ಟಾರು ರಸ್ತೆಯ ಮೇಲೆ ಹರಡಿ, ಬಸ್ಸು ಲಾರಿಗಳ ಚಕ್ರದಿಂದಲೇ ಒಕ್ಕಣೆ ಮಾಡಿಸುತ್ತಿದ್ದರು. ಬೈಕುಗಳು ಜಾರಿ ಬೀಳುತ್ತಿದ್ದವು. ಅದನ್ನು ಬಿಡಿಸಿದವಳು ಈ ಆಶಾರಾಣಿಯೇ. "ರಸ್ತೆ ನಮ್ಮಪ್ಪನ ಕಣ ಅಲ್ಲ ಕಣ್ರವ್ವ" ಎಂದು ಮನೆಮನೆ ಬಾಗಿಲಿಗೆ ಹೋಗಿ ಹೇಳಿದ್ದಳು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಈ ಸುಗ್ಗಿಯ ಹೊತ್ತಿಗೆ ಊರ ಮುಂದೆ ಮೋರಿ ಕಟ್ಟಲು ಅರ್ಧ ರಸ್ತೆ ಅಗೆದರು. ಆಳುದ್ದ ಗುಂಡಿ. ಗುಂಡಿಗೆ ಬಹಳ ಮೊದಲಿನಿಂದಲೇ ಕಿತ್ತಳೆ ಬಣ್ಣದ ಕೋನುಗಳನ್ನು ಸಾಲಾಗಿ ಇಟ್ಟಿದ್ದರು. ಮೈಗೆ ಮಿಂಚುವ ಬಿಳಿ ಪಟ್ಟಿ, ಅಡಿಯಲ್ಲಿ ಚೌಕದ ಪೀಠ, ತುದಿಯಲ್ಲಿ ತೂತು. ಅವನ್ನು ಕಾಯಲು ದೊಡ್ಡಯ್ಯ ಎಂಬ ಅರಕಲಗೂಡು ಕಡೆಯ ಕೆಲಸಗಾರನಿದ್ದ. ರಸ್ತೆ ಬದಿಯಲ್ಲೇ ತಗಡಿನ ಶೆಡ್ಡು. ನೀರಿಗೆ, ಮಜ್ಜಿಗೆಗೆ ಆಶಾರಾಣಿಯ ಮನೆ.

ಒಂದು ಬೆಳಿಗ್ಗೆ ಹುಲ್ಲು ಹೊತ್ತು ಬರುವಾಗ ಆಶಾರಾಣಿಗೆ ಸಾಲಿನ ನಡುವಿನ ಒಂದು ಕೋನು ಕಂಡಿತು. ಲಾರಿಯ ಗಾಳಿಗೆ ಉರುಳಿ ಚರಂಡಿಯ ಅಂಚಿನಲ್ಲಿ ಬಿದ್ದಿತ್ತು. ಎತ್ತಿ ನಿಲ್ಲಿಸೋಣ ಎಂದೇ ಕೈ ಹಾಕಿದಳು, ಸುಳ್ಳು ಹೇಳಬಾರದು. ಆದರೆ ಕೈಗೆ ಬಂದದ್ದು ತಲೆಕೆಳಗಾಗಿ ಬಂತು. ಮೇಲೆ ಅಗಲ ಬಾಯಿ, ಕೆಳಗೆ ಸಣ್ಣ ತೂತು. ಅರೆ, ಇದು ಲಾಳಿಕೆ ಅಲ್ಲವೇ? ಅಷ್ಟೇ. ಕೋನು ಹುಲ್ಲಿನ ಹೊರೆಯೊಳಗೆ ಸೇರಿತು. ಬಿದ್ದಿತ್ತು, ತಂದೆ ಎಂದು ತನಗೆ ತಾನೇ ಹೇಳಿಕೊಂಡಳು. ಬಿದ್ದದ್ದನ್ನು ತರುವವರು ಹುಲ್ಲಿನೊಳಗೆ ಯಾಕೆ ಮುಚ್ಚಿಡುತ್ತಾರೆ ಎಂದು ಕೇಳಿಕೊಳ್ಳಲಿಲ್ಲ.

ಹಿತ್ತಲಿನ ತೊಲೆಗೆ ಹಗ್ಗ ಬಿಗಿದು ಕೋನನ್ನು ತಲೆಕೆಳಗಾಗಿ ಇಳಿಬಿಟ್ಟಳು. ತುದಿಗೆ ಚೀಲದ ಬಾಯಿ ಕಟ್ಟಿದಳು. ಮೊರದಲ್ಲಿ ಸುರಿದರೆ ರಾಗಿ ಜರ್ರನೆ ಇಳಿಯಿತು. ಒಂದು ಕಾಳು ಹೊರಗಿಲ್ಲ. ಕಾಂತರಾಜು ಜಗಲಿಯ ಮೇಲೆ ಕೂತು ನೋಡಿ, "ಒಳ್ಳೆ ಉಪಾಯ ಕಣೆ" ಎಂದ.

ಪಕ್ಕದ ಮನೆಯ ಕಾಮಾಕ್ಷಮ್ಮ ಬಂದವಳು ಕಣ್ಣರಳಿಸಿದಳು. "ನಿನ್ ತಲೇನೇ ತಲೆ ಕಣೆ ಆಶಾ. ನಂಗೂ ಒಂದಿನ ಕೊಡೆ."

"ತಗೊಂಡೋಗಿ ಅತ್ತೆ. ಯಾರ್ಗೂ ಏಳ್ಬೇಡಿ ಅಷ್ಟೆ."

ಕಾಮಾಕ್ಷಮ್ಮನಿಗೆ ಯಾರಿಗೂ ಹೇಳಬೇಡಿ ಎನ್ನುವುದೂ ಒಂದೇ, ಊರಿಗೆ ಡಂಗುರ ಸಾರುವುದೂ ಒಂದೇ. ನಮ್ಮೂರುಗಳಲ್ಲಿ ಸುಗ್ಗಿಯ ಸಾಮಾನು ಒಬ್ಬರ ಮನೆಯಲ್ಲಿ ನಿಲ್ಲುವುದಿಲ್ಲ. ಮೊರ, ಜರಡಿ, ಟಾರ್ಪಾಲು ಎಲ್ಲ ಮನೆಯಿಂದ ಮನೆಗೆ ತಿರುಗುತ್ತಿರುತ್ತವೆ. ಕೋನೂ ತಿರುಗಿತು. ಎಷ್ಟು ಸಲ ಅಂತ ಕೇಳಿ ತರುವುದು ಎಂದು ಒಬ್ಬೊಬ್ಬರೂ ತಮಗೆ ತಾವೇ ಒಂದೊಂದು ತಂದುಕೊಂಡರು. ಸುಗ್ಗಿ ಮುಗಿಯುವುದರೊಳಗೆ ರಸ್ತೆಯ ಸಾಲು ಹಲ್ಲುದುರಿದ ಬಾಯಿಯಂತಾಯಿತು.

ದೊಡ್ಡಯ್ಯ ಮನೆಮನೆ ಮುಂದೆ ನಿಂತು ಕೇಳಿದ. ಆಶಾರಾಣಿಯ ಮನೆಗೂ ಬಂದ.

"ಅವ್ವ, ಕೋನು ಯಾರಾರ ಎತ್ಕೊಂಡೋಗಿದ್ದು ಕಂಡ್ರ?"

ಆಗ ಅವಳ ಬೆನ್ನ ಹಿಂದೆಯೇ, ಗೋಣಿಚೀಲದ ಕೆಳಗೆ, ಕೋನು ಇತ್ತು.

"ಇಲ್ಲ ಕಣಣ್ಣ. ಲಾರಿಯೋರು ಎತ್ತಾಕ್ಕೊಂಡು ಓಗಿರ್ಬೇಕು."

"ಇರ್ಬೋದು ಬುಡಿ. ಬೇರೆ ಕಳ್ಸಿ ಅಂತ ಸೂಪ್ರವೈಸರ್ಗೆ ಏಳಿವ್ನಿ. ನೋಡ್ಮ ಅಂದವ್ರೆ."

ಅವನು ಕೇಳದಿದ್ದರೂ ಆಶಾರಾಣಿ ಇನ್ನೊಂದು ಲೋಟ ಮಜ್ಜಿಗೆ ಕೊಟ್ಟಳು. ಅವನು ಎರಡು ಕೈಯಲ್ಲೂ ಲೋಟ ಹಿಡಿದು, ನಿಮ್ಮ ಹೊಟ್ಟೆ ತಣ್ಣಗಿರಲಿ ತಾಯಿ ಎಂದು ಕುಡಿದ. ಅವಳಿಗೆ ಅವನ ಮುಖ ನೋಡಲಾಗಲಿಲ್ಲ. ಆದರೂ ಗೋಣಿಚೀಲ ಎತ್ತಿ ತೋರಿಸಲಿಲ್ಲ.

ಕೋನಿನ ಬದಲು ದೊಡ್ಡಯ್ಯ ಹೊಂಗೆ ಕೊಂಬೆ ಕಡಿದು ರಸ್ತೆಯ ಮೇಲಿಟ್ಟ. ಲಾರಿ ಕೆಟ್ಟು ನಿಂತರೆ ಇಡುತ್ತಾರಲ್ಲ, ಹಾಗೆ. ಸೊಪ್ಪನ್ನು ಮೇಕೆಗಳು ತಿಂದವು. ಬರೀ ಕಡ್ಡಿ ಉಳಿಯಿತು. ಹೆಂಗಸರು ನೋಡಿ ನಕ್ಕರು.

"ಆಳುದ್ದ ಗುಂಡಿ. ಕಣ್ಣಿದ್ದೋರ್ಗೆ ಕಾಣಾಕಿಲ್ವ?" ಎಂದಳು ಕಾಮಾಕ್ಷಮ್ಮ. "ಅದ್ಕೆ ಬೇರೆ ಬಣ್ಣದ ಗೊಂಬೆ ನಿಲ್ಲುಸ್ಬೇಕ?"

ಹೌದಲ್ಲ ಅಂದುಕೊಂಡಳು ಆಶಾರಾಣಿ. ನಮಗೆ ಬೇಕಾದ ಮಾತು ಯಾರ ಬಾಯಲ್ಲಿ ಬಂದರೂ ವೇದವಾಕ್ಯದಂತೆ ಕೇಳಿಸುತ್ತದೆ.

ಅದಾದ ಮೇಲೆ, ಬೇರೆ ಕೋನು ಬರುವವರೆಗೆ ನೀನೇ ನಿಲ್ಲು ಎಂದು ಸೂಪರ್‌ವೈಸರ್ ಹೇಳಿದ್ದರಿಂದ, ಸಂಜೆಯಾದರೆ ದೊಡ್ಡಯ್ಯ ತಾನೇ ಗುಂಡಿಯ ಮುಂದೆ ಟಾರ್ಚು ಹಿಡಿದು ನಿಲ್ಲತೊಡಗಿದ. ಕೋನು ನಿಲ್ಲಬೇಕಾದ ಜಾಗದಲ್ಲಿ ಮನುಷ್ಯ ನಿಂತ. ಮೈಮೇಲೆ ಮಿಂಚುವ ಪಟ್ಟಿಯ ಜಾಕೀಟು ಇತ್ತು, ಪುಣ್ಯಕ್ಕೆ.

ಒಂದು ಸಂಜೆ, ಡೇರಿಗೆ ಹಾಲು ಹಾಕಿ ಹೆಂಗಸರು ಮನೆಗೆ ಬರುತ್ತಿದ್ದರು. ಹೊತ್ತು ಮುಳುಗಿ ಬೆಳಕು ಮಸುಕಾಗಿತ್ತು. ತೆಂಗಿನಕಾಯಿ ತುಂಬಿದ ಗೂಡ್ಸ್ ಆಟೋ ಒಂದು ಬಂತು. ಎದುರಿನಿಂದ ಬೆಳಗೊಳಕ್ಕೆ ಹೋಗುವ ಕಾರಿನ ಲೈಟು. ಆಟೋದವನಿಗೆ ಗುಂಡಿ ಕಾಣಲಿಲ್ಲ, ಕೊನೆಗಳಿಗೆಯಲ್ಲಿ ಜಾಕೀಟು ಕಂಡಿತು. ಒಮ್ಮೆಲೇ ತಿರುಗಿಸಿದ. ಆಟೋ ಮಗುಚಿಕೊಂಡಿತು. ಕಾಯಿಗಳು ರಸ್ತೆ ತುಂಬ ಉರುಳಿದವು. ದೊಡ್ಡಯ್ಯನ ಕಾಲು ಆಟೋದ ಕೆಳಗಿತ್ತು.

ಎಲ್ಲರೂ ಸೇರಿ ಆಟೋ ಎತ್ತಿದರು. ಆಶಾರಾಣಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ನೀರು ಬಿಟ್ಟಳು. ಅವನು ಕಣ್ಣು ಬಿಟ್ಟು ಅವಳನ್ನು ಗುರುತಿಸಿದ.

"ಕೋನು ಇದ್ದಿದ್ರೆ ನಾ ಇಲ್ಲಿ ನಿಂತ್ಕೋಬೇಕಾಗಿರ್ಲಿಲ್ಲ ಕಣವ್ವ" ಎಂದ.

ಯಾರನ್ನೂ ದೂರಿ ಹೇಳಿದ ಮಾತಲ್ಲ ಅದು. ನೋವಿನಲ್ಲಿ ಬಂದ ಮಾತು. ಆಶಾರಾಣಿ ಬಿಡುತ್ತಿದ್ದ ನೀರು ಅವನ ಕತ್ತಿನ ಮೇಲೆ ಚೆಲ್ಲಿತು. ಅಂಬುಲೆನ್ಸು ಅವನನ್ನು ಹಾಸನಕ್ಕೆ ಕರೆದೊಯ್ದ ಮೇಲೂ ಅವಳು ರಸ್ತೆಯ ಬದಿಯಲ್ಲೇ ಕೂತಿದ್ದಳು.

ಮರುದಿನ ರಸ್ತೆ ಕೆಲಸದ ಸೂಪರ್‌ವೈಸರ್ ರಜನೀಶ್ ಬಂದ. ಡೇರಿಯ ಮುಂದೆ ನಿಂತು ಜೋರಾಗಿಯೇ ಹೇಳಿದ. "ಕೋನುಗಳನ್ನ ದೊಡ್ಡಯ್ಯನೇ ಗುಜರಿಗೆ ಹಾಕಿದಾನೆ. ಬೇರೆ ಯಾರು ತಗೊಂಡು ಹೋಗ್ತಾರೆ ಅವನ್ನ? ಕಳ್ಳನ ಆಸ್ಪತ್ರೆ ಖರ್ಚು ಕಂಪನಿ ನೋಡ್ಕೊಳ್ಳಲ್ಲ. ನಾಳೆ ಸಂಜೆ ಬರ್ತೀನಿ. ಊರಿನವರು ನಾಲ್ಕು ಜನ ಹೌದು ಅಂತ ಹೇಳಿದ್ರೆ ಸಾಕು, ಕೆಲಸದಿಂದ ತೆಗೀತೀನಿ."

ಅಲ್ಲಿದ್ದ ಹೆಂಗಸರಲ್ಲಿ ಮನೆಯಲ್ಲಿ ಕೋನಿಲ್ಲದವರೇ ಕಡಿಮೆ. ಹಿಂದಿನಿಂದ ಯಾರೋ, "ಇದ್ರೂ ಇರ್ಬೋದು ಕಣಪ್ಪ, ಕುಡಿಯೋಕೆ ಮಾರ್ಕೊಂಡಿರ್ತಾನೆ" ಎಂದರು. ಆಶಾರಾಣಿ ತಲೆ ತಗ್ಗಿಸಿ ಹಾಲಿನ ಕ್ಯಾನು ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ಮಜ್ಜಿಗೆ ಬಿಟ್ಟು ಬೇರೇನೂ ಕುಡಿಯುವುದನ್ನು ಕಾಣದ ಮನುಷ್ಯನಿಗೆ ಕುಡುಕನ ಪಟ್ಟ ಕಟ್ಟುವಾಗಲೂ ಅವಳ ಬಾಯಿಂದ ಮಾತು ಹೊರಡಲಿಲ್ಲ. ಊರಿಗೆ ಬುದ್ಧಿ ಹೇಳಿದ ಬಾಯಿ ಅದು.

ಅದರ ಮಾರನೇ ದಿನ ಮಧ್ಯಾಹ್ನ ಅವಳ ತಮ್ಮ ಗೌರೀಶ ಊಟಕ್ಕೆ ಬಂದ. ಸರ್ಕಾರಿ ಬಸ್ಸಿನ ಡ್ರೈವರ್ ಅವನು. ಹಾಸನ, ದುದ್ದ, ಚನ್ನರಾಯಪಟ್ಟಣ ಎಂದು ಇದೇ ರಸ್ತೆಯಲ್ಲಿ ಓಡಾಡುವವನು. ರಜೆ ಸಿಕ್ಕರೆ ಅಕ್ಕನ ಕೈಯ ಮುದ್ದೆ, ಅವರೆಕಾಳು ಸಾರು. ಕೈ ತೊಳೆಯಲು ಹಿತ್ತಲಿಗೆ ಹೋದವನು ಬರುವಾಗ ಕೈಯಲ್ಲಿ ಕೋನು ಹಿಡಿದು ಬಂದ. ತಟ್ಟೆಯ ಪಕ್ಕದಲ್ಲಿ ನಿಲ್ಲಿಸಿದ. ಒಳಗಿನಿಂದ ನಾಲ್ಕು ರಾಗಿ ಕಾಳು ನೆಲಕ್ಕೆ ಉದುರಿದವು.

"ಅಕ್ಕ, ಇದ್ಯಾಕೆ ಇಲ್ಲೈತೆ?"

"ಬಿದ್ದಿತ್ತು ಕಣ್ಲಾ. ತಂದೆ."

"ಬಿದ್ದಿದ್ರೆ ಎತ್ತಿ ನಿಲ್ಲುಸ್ಬೇಕಿತ್ತು."

ಕಾಂತರಾಜು ಹೆಂಡತಿಯ ಪರ ವಹಿಸಿದ. "ಒಂದ್ ಪ್ಲಾಸ್ಟಿಕ್ಕು ಇಲ್ದಿದ್ರೆ ರಸ್ತೆ ಮುಳುಗೋಯ್ತದ ಗೌರೀಶ? ಗುಂಡಿ ಕಾಣಾಕಿಲ್ವ?"

"ಇಲ್ಲ ಬಾವ, ಕಾಣಾಕಿಲ್ಲ. ಅದ್ನೇ ನಾ ಏಳ್ತಿರದು." ಗೌರೀಶ ಸಿಟ್ಟು ಮಾಡಲಿಲ್ಲ. ಮೆಲ್ಲಗೆ ಹೇಳಿದ. "ಸಂಜೆ ಒತ್ನಲ್ಲಿ ರಸ್ತೆನೂ ಕಪ್ಪು, ಗುಂಡಿನೂ ಕಪ್ಪು. ಎದುರು ಗಾಡಿ ಲೈಟು ಕಣ್ಣಿಗೆ ಒಡೆದ್ರೆ ಏನೂ ಕಾಣಾಕಿಲ್ಲ. ಈ ಬಿಳಿ ಪಟ್ಟಿ ಐತಲ್ಲ, ಇದು ನಮ್ ಗಾಡಿ ಲೈಟಿಗೆ ದೂರದಿಂದ್ಲೇ ಮಿಂಚ್ತದೆ. ಕಂಡೇಟ್ಗೆ ಕಾಲು ತಾನೇ ಬ್ರೇಕ್ ಮ್ಯಾಲೆ ಓಯ್ತದೆ."

"ಗುಂಡಿ ಹತ್ರ ಇನ್ನೂ ಇದ್ವಲ್ಲ ಒಂದೆರಡು" ಎಂದಳು ಆಶಾರಾಣಿ. ದನಿ ಅವಳಿಗೇ ಕೇಳಿಸಲಿಲ್ಲ.

"ಗುಂಡಿ ಹತ್ರ ಕಂಡ್ರೆ ಏನ್ ಬಂತು ಅಕ್ಕ? ತುಂಬಿದ್ ಬಸ್ಸು ನಿಂತ್ಕೋ ಅಂದೇಟ್ಗೆ ನಿಂತ್ಕೊತದ? ಅದ್ಕೆ ಬಾಳ ದೂರದಿಂದ್ಲೇ ಓರೆಯಾಗಿ ಸಾಲು ಇಡ್ತಾರೆ. ಗಾಡಿ ನಿಧಾನಕ್ಕೆ ಪಕ್ಕಕ್ಕೆ ಸರೀಲಿ ಅಂತ. ಸಾಲಿನ ಆಚೆ ಗಾಡಿ, ಈಚೆ ಕೆಲ್ಸದೋರು, ನಡ್ಕೊಂಡು ಓಗೋ ಜನ. ನಡುವಿಂದು ಒಂದು ಇಲ್ದಿದ್ರೆ ನಮ್ಗೆ ಅದೇ ದಾರಿ ಅನ್ಸಿಬುಡ್ತದೆ. ಅಲ್ಲೇ ನುಗ್ತೀವಿ. ಎಲ್ಲಿಂದ ತಂದೆ ನೀನು?"

ಆಶಾರಾಣಿ ಬಗ್ಗಿ ನೆಲಕ್ಕೆ ಉದುರಿದ ರಾಗಿ ಕಾಳು ಆಯತೊಡಗಿದಳು. ಅವಳು ತಂದದ್ದು ನಡುವಿನದನ್ನೇ.

"ಓದ್ವಾರ ಬಸ್ ತುಂಬ ಜನ ತುಂಬ್ಕೊಂಡು ಅಲ್ಲೇ ಬಂದೆ" ಎಂದ ಗೌರೀಶ. "ಆ ದೊಡ್ಡಯ್ಯ ಜಾಕೀಟು ಆಕ್ಕೊಂಡು ನಿಂತಿದ್ಕೆ ಕಂಡ. ಇಲ್ದಿದ್ರೆ ಅವನ್ನ ಬೀಳಿಸೋನು ಆಟೋದೋನಲ್ಲ ಅಕ್ಕ, ನಾನು. ನಿನ್ ತಮ್ಮ."

ತಟ್ಟೆಯಲ್ಲಿ ಮುದ್ದೆ ಆರುತ್ತಿತ್ತು. ಅದೇ ಕೋನಿನಲ್ಲಿ ಇಳಿದ ರಾಗಿಯ ಮುದ್ದೆ. ಗೌರೀಶ ಅದನ್ನು ಮುರಿಯಲಿಲ್ಲ. ಹಸಿವಿಲ್ಲ ಕಣಕ್ಕ ಎಂದು ಎದ್ದು ಹೋದ. ತಮ್ಮ ಉಣ್ಣದೆ ಎದ್ದು ಹೋದದ್ದು ಅವಳ ಮನೆಯಲ್ಲಿ ಅದೇ ಮೊದಲು. ಬೈದಿದ್ದರೆ ತಾನೂ ಎದುರು ಬೈದು ಹಗುರಾಗುತ್ತಿದ್ದಳೋ ಏನೋ. ಈಗ ಅವಳ ಮುಂದೆ ಉಳಿದದ್ದು ಆರಿದ ಮುದ್ದೆ, ಪಕ್ಕದಲ್ಲಿ ಕೋನು.

ಸಂಜೆ ರಜನೀಶ್ ಬಂದ. ಡೇರಿಯ ಮುಂದೆ ಜನ ಸೇರಿತ್ತು. "ಯಾರು ಹೇಳ್ತೀರಿ, ಹೇಳಿ" ಎಂದ.

ಆಶಾರಾಣಿ ಕೋನನ್ನು ತಲೆಯ ಮೇಲಿಟ್ಟುಕೊಂಡು ಊರ ನಡುಬೀದಿಯಲ್ಲೇ ನಡೆದು ಬಂದಳು. ಈ ಸಲ ಹುಲ್ಲು ಮುಚ್ಚಿರಲಿಲ್ಲ. ಇಳಿಸಿ ಅವನ ಮುಂದಿಟ್ಟಳು.

"ಸಾ, ಇದು ಗುಜರಿಗೆ ಓಗಿಲ್ಲ. ನಮ್ಮನೇಗೆ ಬಂದಿತ್ತು. ಈ ಊರಲ್ಲಿ ಮೊದ್ಲು ಕದ್ದೋಳು ನಾನು."

ಬಿದ್ದಿತ್ತು ಎನ್ನುವ ಮಾತು ಬಾಯಿಯವರೆಗೆ ಬಂದಿತ್ತು. ನುಂಗಿಕೊಂಡಳು.

ರಜನೀಶ್ ಅವಳನ್ನೇ ನೋಡಿದ. "ನೀವಾ? ಸಂಘದೋರು?"

ಆ ಒಂದು ಮಾತಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಊರವರು ಇನ್ನು ಎಷ್ಟು ವರ್ಷ ಅಂದುಕೊಳ್ಳುತ್ತಾರೋ. ಅಂದುಕೊಳ್ಳಲಿ. ತಿಂದದ್ದು ನಿಜ ತಾನೇ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಲ್ಲಿದ್ದ ಹೆಂಗಸರೆಲ್ಲ ಸುಮ್ಮಸುಮ್ಮನೆ ಸೆರಗು ಸರಿಮಾಡಿಕೊಂಡರು. ಕಾಮಾಕ್ಷಮ್ಮ ಅವಳ ಕಿವಿಯ ಹತ್ತಿರ ಬಂದು, "ನನ್ನೆಸ್ರು ಎತ್ತಿದ್ರೆ ನೋಡು" ಎಂದಳು.

"ನಾನ್ ಯಾರೆಸ್ರೂ ಎತ್ತಾಕಿಲ್ಲ ಅತ್ತೆ. ಅವ್ನು ನಿಮ್ಮನೇಲೂ ನೀರು ಕುಡ್ದವ್ನೆ. ಅವನ್ನ ಕಳ್ಳ ಅನ್ಬೇಕಾದ್ರೆ ನೀವೇ ಅನ್ನಿ."

ಕಾಮಾಕ್ಷಮ್ಮ ಗೊಣಗುತ್ತಾ ಹೊರಟುಹೋದಳು. ಮನೆ ಸೇರಿಕೊಂಡಳು ಎಂದುಕೊಂಡರು ಎಲ್ಲರೂ. ಸ್ವಲ್ಪ ಹೊತ್ತಿಗೆ ಕಂಕುಳಲ್ಲಿ ಕೋನು ಇಟ್ಟುಕೊಂಡು ಬಂದಳು. ಯಾರ ಮುಖವನ್ನೂ ನೋಡದೆ ಇಟ್ಟಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಒಂದು ಕೋನಿನ ತುದಿ ತೂತು ದೊಡ್ಡದಾಗಲೆಂದು ಕುಡುಗೋಲಿನಲ್ಲಿ ಕೊಯ್ದಿದ್ದರು. ಒಂದರಲ್ಲಿ ಕೋಳಿಮರಿಗೆ ನುಚ್ಚು ಹಾಕಿಟ್ಟಿದ್ದರು.

ಕೋನುಗಳ ರಾಶಿ ನೋಡಿ ರಜನೀಶ್ ದನಿ ಏರಿಸಿದ. ಆಗ ಆಶಾರಾಣಿ ಹೇಳಿದಳು. "ಬಯ್ಯಿರಿ ಸಾ, ನಾವು ಬೈಸ್ಕೋಬೇಕಾದೋರೇ. ಆದ್ರೆ ಕೋನು ಇಲ್ಲ ಅಂತ ಅವ್ನು ನಿಮ್ಗೆ ಏಳಿದ್ನಲ್ಲ. ಬೇರೆ ಕಳ್ಸೋಗಂಟ ಕೆಲ್ಸ ನಿಲ್ಲುಸ್ಬೋದಿತ್ತಲ್ಲ. ಮನುಷ್ಯನ್ನ ಯಾಕೆ ನಿಲ್ಲುಸ್ದ್ರಿ?"

ರಜನೀಶ್ ಮೊಬೈಲು ತೆಗೆದು ನೋಡಿಕೊಂಡ. ಅದರಲ್ಲಿ ಏನೂ ಬಂದಿರಲಿಲ್ಲ. ಅದನ್ನು ಜೇಬಿಗೆ ಹಾಕುತ್ತಾ, "ಆಸ್ಪತ್ರೆಯದ್ದು ಕಂಪನಿ ನೋಡ್ಕೊಳ್ಳುತ್ತೆ. ಅವನ ಕೆಲಸನೂ ಇರುತ್ತೆ" ಎಂದು ತಗ್ಗಿದ ದನಿಯಲ್ಲಿ ಹೇಳಿದ.

ಬೆಳಕಿರುವಾಗಲೇ ಕೋನುಗಳ ಪಟ್ಟಿ ಒರೆಸಿ ಓರೆಸಾಲು ನಿಲ್ಲಿಸಿದರು. ಕಾಂತರಾಜು ಬೆನ್ನು ಹಿಡಿದುಕೊಂಡೇ ಬಂದು ಒಂದನ್ನು ಇಟ್ಟ. ದೊಡ್ಡಯ್ಯನ ಮೇಲಿದ್ದ ಕಳ್ಳತನದ ಮಾತು ಅಳಿಯಿತು. ಅವನ ಕಾಲು ಮಾತ್ರ ಅಷ್ಟು ಸುಲಭಕ್ಕೆ ಸರಿಹೋಗುವುದಲ್ಲ.

ಮುಂದಿನ ದಿನ ಆಶಾರಾಣಿ ಹಾಸನದ ಆಸ್ಪತ್ರೆಗೆ ಹೋದಳು. ಬರಿಗೈಯಲ್ಲಿ ಹೋಗಬಾರದೆಂದು ರಾಗಿ ಹಿಟ್ಟು, ಬಾಳೆಹಣ್ಣು ಒಯ್ದಳು. ದೊಡ್ಡಯ್ಯನ ಕಾಲಿಗೆ ಕಂಬಿ ಹಾಕಿ ಎತ್ತರಕ್ಕೆ ಇಟ್ಟಿದ್ದರು. ಅವನ ಹೆಂಡತಿ ಹಿಟ್ಟಿನ ಚೀಲವನ್ನು ಮಡಿಲಿಗೆ ತೆಗೆದುಕೊಂಡು, "ಆ ಊರಿಂದ ಬಂದೋರು ನೀವೊಬ್ರೇ ತಾಯಿ. ದಿನಾ ನಿಮ್ ಮಜ್ಜಿಗೆ ಇಸ್ಯನೇ ಏಳ್ತಿದ್ರು" ಎಂದಳು.

ಇನ್ನು ತಡೆಯಲಾಗಲಿಲ್ಲ. ಆಶಾರಾಣಿ ಎಲ್ಲವನ್ನೂ ಹೇಳಿದಳು. ಹುಲ್ಲಿನ ಹೊರೆ, ತೊಲೆಗೆ ಕಟ್ಟಿದ ಹಗ್ಗ, ಅವನು ಬಂದು ಕೇಳಿದ ದಿನ ಬೆನ್ನ ಹಿಂದಿದ್ದ ಗೋಣಿಚೀಲ. ಹೇಳುತ್ತಾ ಅತ್ತಳು.

ದೊಡ್ಡಯ್ಯ ಚಾವಣಿಯ ಕಡೆ ಮುಖ ತಿರುಗಿಸಿದ. ಆಮೇಲೆ ಕೇಳಿದ.

"ಅದ್ರಾಗೆ ರಾಗಿ ಚೆನ್ನಾಗ್ ಇಳೀತದ ಅವ್ವ?"

ಆಶಾರಾಣಿ ಹೂಂ ಎಂದು ತಲೆಯಾಡಿಸಿದಳು.

"ಕೇಳಿದ್ರೆ ನಾನೇ ಕೊಡ್ತಿದ್ನಲ್ಲವ್ವ. ಪಟ್ಟಿ ಕಿತ್ತೋಗಿ, ಪೀಠ ಮುರ್ದಿರೋ ಅಳೇವು ನನ್ ಶೆಡ್ಡಿನ ಇಂದೆ ಬಿದ್ದವೆ. ನಿಲ್ಲಾಕಿಲ್ಲ, ರಸ್ತೆಗೆ ಬರಾಕಿಲ್ಲ ಅವು. ಊರೋರಿಗೆಲ್ಲ ಒಂದೊಂದು ಆಗೋವು."

ಅವನ ಹೆಂಡತಿ ಮಡಿಲಲ್ಲಿದ್ದ ಹಿಟ್ಟಿನ ಚೀಲವನ್ನು ಎತ್ತಿ ಆಶಾರಾಣಿಯ ಕಾಲ ಬಳಿ ಇಟ್ಟಳು. ಆಶಾರಾಣಿ ಅದನ್ನು ಹೊತ್ತುಕೊಂಡೇ ಊರಿಗೆ ವಾಪಸ್ಸು ಬಂದಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಈಗ ನಿಮ್ಮ ಹಿತ್ತಲಿಗೆ ಹೋಗಿ ಒಂದು ಸಲ ನೋಡಿ ಬನ್ನಿ. ರಸ್ತೆಯ ಕೋನು ನಿಮ್ಮಲ್ಲಿ ಬಚ್ಚಲ ಬಾಗಿಲಿಗೆ ಒತ್ತುಕೊಟ್ಟಿದೆಯೇ? ಎಚ್ಚರಿಕೆಯ ತಗಡಿನ ಬೋರ್ಡು ಕೊಟ್ಟಿಗೆಯ ಮಾಡಿಗೆ ಏರಿದೆಯೇ? ಕೆಲಸದವರ ಮಿಂಚುವ ಜಾಕೀಟು ಹೊಲದ ಬೆದರುಬೊಂಬೆಯ ಮೈಮೇಲಿದೆಯೇ? ಇದ್ದರೆ ಇವತ್ತೇ ತೆಗೆದುಕೊಂಡು ಹೋಗಿ ಕೊಟ್ಟುಬಿಡಿ. ಯಾರು ಏನಂದುಕೊಳ್ಳುತ್ತಾರೋ ಎಂಬ ನಾಚಿಕೆ ಬೇಡ, ಅದಕ್ಕಿಂತ ದೊಡ್ಡ ನಾಚಿಕೆ ಯಾವುದೆಂದು ಆಶಾರಾಣಿಯನ್ನು ಕೇಳಿ. ದಾರಿಯಲ್ಲಿ ಕೋನು ಬಿದ್ದಿದ್ದರೆ, ಗಾಡಿ ಬರುತ್ತಿಲ್ಲವೆಂದು ನೋಡಿಕೊಂಡು, ಎತ್ತಿ ಇದ್ದಲ್ಲೇ ನಿಲ್ಲಿಸಿ. ಕಾಣೆಯಾಗಿದ್ದರೆ ಅಲ್ಲಿ ಕೆಲಸ ಮಾಡುವವರಿಗೆ, ಪಂಚಾಯಿತಿಗೆ ಹೇಳಿ. ಗಾಡಿ ಓಡಿಸುವಾಗ ಕಿತ್ತಳೆ ಬಣ್ಣ ಕಂಡರೆ ನಿಧಾನ ಮಾಡಿ. ಕೆಲಸ ಮಾಡಿಸುವವರೂ ಕೇಳಿಸಿಕೊಳ್ಳಿ, ಕೋನು ಇಲ್ಲದ ಜಾಗದಲ್ಲಿ ಮನುಷ್ಯನನ್ನು ನಿಲ್ಲಿಸಬೇಡಿ.

ರಾಗಿ ಸುರಿಯಲು ಲಾಳಿಕೆ ಬೇಕಾದರೆ ದುದ್ದದ ಸಂತೆಯಲ್ಲಿ ಸಿಗುತ್ತದೆ. ಮುರಿದ ಕಾಲು ಮೊದಲಿನಂತಾಗುವುದು ಯಾವ ಸಂತೆಯಲ್ಲೂ ಸಿಗುವುದಿಲ್ಲ.